ಶಾಸಕರ ರಾಜಕೀಯ ಜೀವನವನ್ನು ದಾಖಲೆಗಳ ಆಧಾರದಿಂದ ಬರೆಯುವ ಬಗೆ

ತಾಲ್ಲೂಕಿನ ಇತಿಹಾಸ ಬರೆಯುವವರಿಗೆ, ಸ್ಮರಣ ಸಂಚಿಕೆಯ ಸಂಪಾದಕರಿಗೆ, ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಶಾಸಕರೊಬ್ಬರ ರಾಜಕೀಯ ಜೀವನವನ್ನು ಬರೆಯುವ ಪ್ರಸಂಗ ಒಂದಲ್ಲ ಒಂದು ದಿನ ಬರುತ್ತದೆ. ಆಗ ಅಭಿನಂದನ ಗ್ರಂಥದ ಪರಿಚಯವೋ ಚುನಾವಣೆಯ ಕರಪತ್ರವೋ ಆಧಾರವಾದರೆ, ಗೆದ್ದ ವರ್ಷಗಳೂ ಹಿಡಿದ ಹುದ್ದೆಗಳೂ ಸಾಲಾಗಿ ಬಂದು, ಸದನದೊಳಗೆ ಆ ವ್ಯಕ್ತಿ ಏನು ಮಾಡಿದರೆಂಬುದು ಬಿಟ್ಟುಹೋಗುತ್ತದೆ. ಹುದ್ದೆಗಳ ಪಟ್ಟಿಯೇ ರಾಜಕೀಯ ಜೀವನವಾಗಿದ್ದರೆ ಶಾಂತವೇರಿ ಗೋಪಾಲಗೌಡರ ಬಗ್ಗೆ ಎರಡು ಸಾಲು ಬರೆದು ಮುಗಿಸಬೇಕಾಗುತ್ತಿತ್ತು. 1952, 1962 ಮತ್ತು 1967ರಲ್ಲಿ ವಿಧಾನಸಭೆಗೆ ಆಯ್ಕೆಯಾದ ಅವರು ಒಮ್ಮೆಯೂ ಮಂತ್ರಿಯಾಗಲಿಲ್ಲ. ಗೇಣಿದಾರರ ಪರವಾಗಿ ಅವರು ಸದನದಲ್ಲಿ ಆಡಿದ ಮಾತನ್ನೂ ಅದರ ಹಿಂದಿದ್ದ 1951ರ ಕಾಗೋಡು ಸತ್ಯಾಗ್ರಹವನ್ನೂ ಬಿಟ್ಟರೆ ಆ ಜೀವನದ ಅರ್ಥವೇ ಕೈಗೆ ಸಿಗುವುದಿಲ್ಲ.

ಆದರೂ ಕೆಲಸವನ್ನು ಚುನಾವಣೆಗಳಿಂದಲೇ ಆರಂಭಿಸಬೇಕು. ಭಾರತ ಚುನಾವಣಾ ಆಯೋಗವು ಪ್ರತಿ ಸಾರ್ವತ್ರಿಕ ಚುನಾವಣೆಯ ನಂತರ ಪ್ರಕಟಿಸುವ ಅಂಕಿಅಂಶ ವರದಿಯಲ್ಲಿ ಕ್ಷೇತ್ರವಾರು ಅಭ್ಯರ್ಥಿಗಳ ಹೆಸರು, ಪಕ್ಷ ಮತ್ತು ಪಡೆದ ಮತಗಳಿರುತ್ತವೆ. ನಿಮ್ಮ ಶಾಸಕರು ಸ್ಪರ್ಧಿಸಿದ ಎಲ್ಲ ಚುನಾವಣೆಗಳನ್ನೂ, ಸೋತವುಗಳನ್ನೂ ಸೇರಿಸಿ, ಒಂದು ಹಾಳೆಯಲ್ಲಿ ವರ್ಷದ ಕ್ರಮದಲ್ಲಿ ಬರೆದುಕೊಳ್ಳಿ. ಸೋತ ಚುನಾವಣೆಯನ್ನು ಅಭಿಮಾನಿಗಳು ಹೇಳುವುದಿಲ್ಲ, ವರದಿ ಹೇಳುತ್ತದೆ. ಹೆಸರಿನ ಮುಂದಿನ ಅಕ್ಷರಗಳು ಒಂದು ವರದಿಯಿಂದ ಇನ್ನೊಂದಕ್ಕೆ ಬದಲಾಗುವುದುಂಟು, ಒಂದೇ ಹೆಸರಿನ ಇಬ್ಬರು ಒಂದೇ ಕ್ಷೇತ್ರದಲ್ಲಿ ನಿಂತಿರುವುದೂ ಉಂಟು. ಆದ್ದರಿಂದ ಪಕ್ಷ ಮತ್ತು ಎದುರಾಳಿಯ ಹೆಸರನ್ನೂ ತಾಳೆ ನೋಡದೆ ಮುಂದುವರಿಯಬೇಡಿ. ಉಪಚುನಾವಣೆಗಳು ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿರುವುದಿಲ್ಲವೆಂಬುದನ್ನು ಮರೆತರೆ ದೊಡ್ಡ ತಿರುವುಗಳೇ ತಪ್ಪಿಹೋಗುತ್ತವೆ. ಸಿದ್ದರಾಮಯ್ಯನವರ ವಿಷಯದಲ್ಲಿ 2004 ಮತ್ತು 2008ರ ವರದಿಗಳನ್ನಷ್ಟೇ ನೋಡಿದವರಿಗೆ, ಜನತಾದಳ ಜಾತ್ಯತೀತದಿಂದ ಕಾಂಗ್ರೆಸ್ಸಿಗೆ ಬಂದ ಮೇಲೆ 2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿ ಉಪಚುನಾವಣೆಯನ್ನು ಅವರು ಕೇವಲ 257 ಮತಗಳಿಂದ ಗೆದ್ದದ್ದು ಕಾಣುವುದೇ ಇಲ್ಲ.

ಎರಡನೆಯ ಕೆಲಸ ಕ್ಷೇತ್ರದ ಗಡಿಯನ್ನು ತಿಳಿಯುವುದು. ಕ್ಷೇತ್ರ ಪುನರ್ವಿಂಗಡಣೆಯ ನಂತರ ನಡೆದ 2008ರ ಚುನಾವಣೆಯಲ್ಲಿ ಹಲವು ಕ್ಷೇತ್ರಗಳು ಮಾಯವಾದವು, ಕೆಲವು ಹೆಸರನ್ನು ಉಳಿಸಿಕೊಂಡರೂ ಬೇರೆ ಊರುಗಳನ್ನು ಸೇರಿಸಿಕೊಂಡವು, ಇನ್ನು ಕೆಲವುಗಳ ಮೀಸಲಾತಿ ಬದಲಾಯಿತು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಸತತವಾಗಿ ಎಂಟು ಬಾರಿ ಗೆದ್ದ ಗುರುಮಿಠಕಲ್ 2008ರಲ್ಲಿ ಸಾಮಾನ್ಯ ಕ್ಷೇತ್ರವಾದ್ದರಿಂದ ಅವರು ಚಿತ್ತಾಪುರಕ್ಕೆ ಹೋದರು. ಇದನ್ನು ವಿವರಿಸದೆ ‘ಕ್ಷೇತ್ರ ಬದಲಿಸಿದರು’ ಎಂದಷ್ಟೇ ಬರೆದರೆ ಓದುಗರು ಇಲ್ಲದ ಕಾರಣವನ್ನು ಊಹಿಸಿಕೊಳ್ಳುತ್ತಾರೆ. ಜಿಲ್ಲೆ ಮತ್ತು ರಾಜ್ಯದ ಗಡಿಗಳೂ ಹೀಗೆಯೇ. ಕೊಳ್ಳೇಗಾಲ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಿಂದ ಚಾಮರಾಜನಗರ ಜಿಲ್ಲೆಯಲ್ಲಿದೆ. ಅಲ್ಲಿನ 1952ರ ಫಲಿತಾಂಶವನ್ನು ಮೈಸೂರು ರಾಜ್ಯದ ವರದಿಯಲ್ಲಿ ಹುಡುಕಿದರೆ ಸಿಗದು.

ಇದೇ ಸೀಮೆಯ ಆರ್. ಧ್ರುವನಾರಾಯಣ ಅವರ ಹಾದಿಯನ್ನು ಅಭ್ಯಾಸಕ್ಕಾಗಿ ತೆಗೆದುಕೊಳ್ಳಬಹುದು. 2004ರಲ್ಲಿ ಸಂತೇಮರಹಳ್ಳಿಯಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಅವರು 40,752 ಮತ ಪಡೆದರು. ಜನತಾದಳ ಜಾತ್ಯತೀತದ ಎ.ಆರ್. ಕೃಷ್ಣಮೂರ್ತಿಯವರಿಗೆ ಬಂದದ್ದು 40,751. ಮುಂದಿನ ಚುನಾವಣೆಯ ಹೊತ್ತಿಗೆ ಸಂತೇಮರಹಳ್ಳಿ ಎಂಬ ಕ್ಷೇತ್ರವೇ ಇರಲಿಲ್ಲ. ಅವರು 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದರು, 2009 ಮತ್ತು 2014ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋದರು, 2019ರಲ್ಲಿ 1,817 ಮತಗಳಿಂದ ಸೋತರು, 2023ರ ಮಾರ್ಚ್‌ನಲ್ಲಿ ನಿಧನರಾದರು. 2004ರಲ್ಲಿ ಒಂದು ಮತದಿಂದ ಸೋತ ಕೃಷ್ಣಮೂರ್ತಿಯವರು 2023ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಕೊಳ್ಳೇಗಾಲದಿಂದ ವಿಧಾನಸಭೆಗೆ ಬಂದರು. ಎದುರಾಳಿಯ ಹಾದಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕೆನ್ನುವುದು ಇದಕ್ಕೇ. ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೆ ಅಂದು ಮತ ಹಾಕಲು ಬಿಡುವಾಗಲಿಲ್ಲವೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಬಳಸುವುದಾದರೆ ಅದು ಜನರ ಬಾಯಲ್ಲಿರುವ ಮಾತೆಂದೇ ಬರೆಯಿರಿ, ಏಕೆಂದರೆ ಮತಗಳ ಅಂತರಕ್ಕೆ ದಾಖಲೆಯಿದೆ, ಅದರ ಕಾರಣಕ್ಕಿಲ್ಲ.

ಪಕ್ಷಾಂತರದ ಭಾಗವನ್ನು ಬರೆಯುವಾಗ ಕ್ರಿಯಾಪದಗಳ ಮೇಲೆ ನಿಗಾ ಇರಲಿ. ರಾಜೀನಾಮೆ ಕೊಟ್ಟರು, ರಾಜೀನಾಮೆ ಅಂಗೀಕಾರವಾಯಿತು, ಉಚ್ಚಾಟಿತರಾದರು, ಅನರ್ಹಗೊಂಡರು ಎಂಬ ನಾಲ್ಕೂ ಬೇರೆ ಬೇರೆ ಸಂಗತಿಗಳು. 2019ರಲ್ಲಿ ರಾಜೀನಾಮೆ ಸಲ್ಲಿಸಿದ್ದವರೂ ಸೇರಿದಂತೆ 17 ಶಾಸಕರನ್ನು ಸಭಾಧ್ಯಕ್ಷರು ಪಕ್ಷಾಂತರ ನಿಷೇಧದ ನಿಯಮಗಳಿರುವ ಸಂವಿಧಾನದ ಹತ್ತನೆಯ ಅನುಸೂಚಿಯನ್ವಯ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಆ ವರ್ಷದ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತಾದರೂ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸಬಾರದೆಂಬ ಭಾಗವನ್ನು ರದ್ದುಮಾಡಿತು. ಇದೇ ಹೊತ್ತಿನಲ್ಲಿ ಕೊಳ್ಳೇಗಾಲದ ಎನ್. ಮಹೇಶ್ ಅವರದು ಬೇರೆಯೇ ಪ್ರಕರಣ: ಎಚ್.ಡಿ. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ದಿನ ಸದನಕ್ಕೆ ಬಾರದ ಅವರನ್ನು ಬಹುಜನ ಸಮಾಜ ಪಕ್ಷ ಉಚ್ಚಾಟಿಸಿತು, ಬಿಜೆಪಿ ಸೇರಿದ್ದು 2021ರಲ್ಲಿ. ಇಬ್ಬಗೆಯವರನ್ನೂ ‘ಪಕ್ಷ ಬಿಟ್ಟವರು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ತಪ್ಪಾಗುತ್ತದೆ.

ಇಷ್ಟಾದ ಮೇಲೆ ನಿಜವಾದ ಕೆಲಸ, ಎಂದರೆ ಸದನದ ನಡವಳಿಗಳ ಓದು. ಹಳೆಯ ನಡವಳಿಗಳು ವಿಧಾನ ಮಂಡಲದ ಗ್ರಂಥಾಲಯದಲ್ಲಿವೆ, ಡಿಜಿಟಲ್ ರೂಪದಲ್ಲಿಯೂ ಸಿಗುತ್ತವೆ. ಇಡೀ ಸಂಪುಟಗಳನ್ನು ಓದಲು ಹೊರಟರೆ ಯಾರಿಗಾದರೂ ದಣಿವಾಗುತ್ತದೆ. ಆದ್ದರಿಂದ ಕ್ಷೇತ್ರದ ಒಂದೆರಡು ದೊಡ್ಡ ಸಮಸ್ಯೆಗಳನ್ನು, ಅಂದರೆ ಮುಳುಗಡೆ, ಬಗರ್ ಹುಕುಂ ಸಾಗುವಳಿ, ಕುಡಿಯುವ ನೀರು ಇಂಥವನ್ನು ಮೊದಲೇ ಆರಿಸಿಕೊಂಡು, ಅವು ಚರ್ಚೆಗೆ ಬಂದ ಅಧಿವೇಶನಗಳಲ್ಲಿ ನಿಮ್ಮ ಶಾಸಕರ ಹೆಸರನ್ನು ಹುಡುಕಿ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿಯೇ ಮೌಖಿಕವಾಗಿ ಉತ್ತರಿಸುವುದರಿಂದ ಅದರ ಬೆನ್ನಿಗೆ ಉಪಪ್ರಶ್ನೆಗಳು ಬರುತ್ತವೆ, ಮತ್ತು ಸದಸ್ಯರು ವಿಷಯವನ್ನು ಎಷ್ಟು ಬಲ್ಲರೆಂಬುದು ಲಿಖಿತ ಪ್ರಶ್ನೆಗಿಂತ ಆ ಉಪಪ್ರಶ್ನೆಯಲ್ಲಿ ಹೆಚ್ಚು ಕಾಣುತ್ತದೆ. ಗಮನ ಸೆಳೆಯುವ ಸೂಚನೆ, ಆಯವ್ಯಯದ ಮೇಲಿನ ಚರ್ಚೆ, ಖಾಸಗಿ ಸದಸ್ಯರ ವಿಧೇಯಕ ಇವುಗಳನ್ನೂ ನೋಡಿ. ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದಾಜು ಸಮಿತಿಗಳಲ್ಲಿನ ಕೆಲಸ ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುವುದಿಲ್ಲ. ವರದಿಗಳ ಮೊದಲ ಪುಟಗಳಲ್ಲಿ ಸದಸ್ಯರ ಹೆಸರಿರುತ್ತದೆ.

ಎಣಿಕೆಯ ಆಸೆಗೆ ಬೀಳಬೇಡಿ. ಮಂತ್ರಿಗಳಾದವರೂ ಸಭಾಧ್ಯಕ್ಷರಾದವರೂ ಪ್ರಶ್ನೆ ಕೇಳುವುದಿಲ್ಲವಾದ್ದರಿಂದ ಅವರ ಲೆಕ್ಕ ಸೊನ್ನೆಯಾಗಿ ಕಾಣುತ್ತದೆ. ವಿಧೇಯಕಗಳು ಬಹುತೇಕ ಧ್ವನಿಮತದಿಂದ ಅಂಗೀಕಾರವಾಗುವುದರಿಂದ, ಮತ ವಿಭಜನೆ ನಡೆದ ಸಂದರ್ಭವನ್ನು ಬಿಟ್ಟರೆ, ಯಾರು ಪರ ಯಾರು ವಿರೋಧ ಎಂದು ಹೇಳಲಾಗದು. 2019ರ ಜುಲೈ 23ರ ವಿಶ್ವಾಸಮತದಲ್ಲಿ ಪರವಾಗಿ 99, ವಿರುದ್ಧವಾಗಿ 105 ಎಂದು ತಲೆಯೆಣಿಕೆ ನಡೆದದ್ದು ಅಪರೂಪದ ಉದಾಹರಣೆ.

ಆಸ್ತಿ ಮತ್ತು ಪ್ರಕರಣಗಳ ವಿಷಯಕ್ಕೆ ಅಭ್ಯರ್ಥಿಗಳು ನಾಮಪತ್ರದೊಂದಿಗೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರವೇ ಆಧಾರ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಇವು ಸಾರ್ವಜನಿಕವಾದವು. ಅದಕ್ಕೂ ಹಿಂದಿನ ಕಾಲಕ್ಕೆ ಇಂಥ ದಾಖಲೆ ಇಲ್ಲ. ಎರಡು ಚುನಾವಣೆಗಳ ಒಟ್ಟು ಮೌಲ್ಯವನ್ನು ಹೋಲಿಸಿ ‘ಆಸ್ತಿ ಇಷ್ಟು ಪಟ್ಟು ಏರಿತು’ ಎಂದು ಬರೆಯುವ ಮೊದಲು ಸರ್ವೆ ನಂಬರು ಮತ್ತು ವಿಸ್ತೀರ್ಣವನ್ನು ಹೋಲಿಸಿ ನೋಡಿ. ಒಂದು ಗುಂಟೆಯನ್ನೂ ಹೊಸದಾಗಿ ಕೊಳ್ಳದೆಯೂ ಮಾರುಕಟ್ಟೆ ಬೆಲೆಯಿಂದಲೇ ಮೊತ್ತ ಏರಿರಬಹುದು. ಬಾಕಿಯಿರುವ ಪ್ರಕರಣವನ್ನು ಅಪರಾಧವೆಂದು ಬರೆಯಕೂಡದು.

ಕ್ಷೇತ್ರದಲ್ಲಿ ಆದ ಕಾಮಗಾರಿಗಳ ವಿಷಯದಲ್ಲಿ ಶಂಕುಸ್ಥಾಪನೆಯ ಕಲ್ಲನ್ನು ನಂಬಬೇಡಿ, ಅದರಲ್ಲಿ ಎಲ್ಲರ ಹೆಸರೂ ಇರುತ್ತದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ಕೆಲಸಗಳಿಗೆ ಮಂಜೂರಾತಿ ಕೊಡುವುದು ಜಿಲ್ಲಾಧಿಕಾರಿಗಳು. ಮಾಹಿತಿ ಹಕ್ಕು ಅಧಿನಿಯಮದಡಿ ಆ ಕಚೇರಿಗೆ ಅರ್ಜಿ ಹಾಕಿ, ವರ್ಷ ಮತ್ತು ಕಾಮಗಾರಿಯ ಹೆಸರಿನ ಸಮೇತ ಪಟ್ಟಿ ಕೇಳಬಹುದು.

ಸಂದರ್ಶನವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ದಾಖಲೆಗಳನ್ನು ಓದಿಕೊಂಡು ಹೋದವರು ‘ನೀವು ಇಂಥ ಅಧಿವೇಶನದಲ್ಲಿ ಹೀಗೆ ಕೇಳಿದ್ದಿರಿ, ಆಮೇಲೆ ಏನಾಯಿತು?’ ಎಂದು ಕೇಳಬಲ್ಲರು. ಓದದೆ ಹೋದವರಿಗೆ ಕರಪತ್ರದ ಮಾತೇ ಮತ್ತೆ ಸಿಗುತ್ತದೆ. ಬರೆದು ಮುಗಿಸಿದ ಮೇಲೆ ‘ಹಾಲಿ ಶಾಸಕರು’ ಎಂಬ ಪದವನ್ನು ತೆಗೆದು, ಎಷ್ಟನೆಯ ವಿಧಾನಸಭೆ, ಯಾವ ವರ್ಷದಿಂದ ಎಂದು ಬರೆಯಿರಿ.