ಅಲ್ಟ್ರಾಸೆಂಟ್ರಿಫ್ಯೂಜ್ ಇಲ್ದೆ ತುಮಕೂರಲ್ಲಿ ಜಿಡಿಐ ಪ್ರಯೋಗ ಮಾಡಿದ್ದು: ನನ್ನ ಅನುಭವ

ಎಂಎಸ್ಸಿ ಪ್ರಾಜೆಕ್ಟಿಗೆ, ಕೋಶದೊಳಗಿನ ಸಾಗಾಟ ನಡೆಸೋ ಸ್ವಿಚ್ಚಿನಂಥ ರ‍್ಯಾಬ್ ಪ್ರೋಟೀನ್ ತಗೋತೀನಿ ಅಂದಾಗ ನಮ್ಮ ಮೇಡಂ ಕೇಳಿದ್ದು ಒಂದೇ, "ನಮ್ ಹತ್ರ ಅಲ್ಟ್ರಾಸೆಂಟ್ರಿಫ್ಯೂಜ್ ಎಲ್ಲಿದೆಯಪ್ಪಾ?" ಅಂದ್ರೆ ಪೊರೆ ಚೂರುಗಳನ್ನ ಕೆಳಗೆ ಕೂರಿಸೋಕೆ ಬೇಕಾದ, ತುಂಬಾ ಜೋರಾಗಿ ತಿರುಗೋ ಮೆಷಿನ್. ತುಮಕೂರಲ್ಲಿ ನಮ್ಮ ಕಾಲೇಜಲ್ಲಿ ಇದ್ದಿದ್ದು ಟೇಬಲ್ ಮೇಲಿಡೋ ಪುಟ್ಟ ಮೆಷಿನ್ನು, ಅದೂ ಕರೆಂಟ್ ಇದ್ರೆ.

ವಿಷಯ ಇಷ್ಟು. ರ‍್ಯಾಬ್‌ನ ತುದಿಗೆ 20 ಕಾರ್ಬನ್ನಿನ ಜೆರನೈಲ್‌ಜೆರನೈಲ್ ಅನ್ನೋ ಜಿಡ್ಡಿನ ಬಾಲ ಇರುತ್ತೆ, ಸಾಮಾನ್ಯವಾಗಿ ಎರಡು, ಅದು ಪೊರೆಗೆ ಅಂಟ್ಕೊಳ್ಳೋದೇ ಅದರಿಂದ. ಜಿಟಿಪಿ ಅನ್ನೋ ಸಣ್ಣ ಅಣು ಹಿಡ್ಕೊಂಡಿದ್ರೆ ಆನ್, ಅದು ಒಡೆದು ಜಿಡಿಪಿ ಆದ್ರೆ ಆಫ್. ಆಫ್ ಆಗಿದ್ದನ್ನ ಜಿಡಿಐ ಅನ್ನೋ ಪ್ರೋಟೀನ್ ಪೊರೆಯಿಂದ ಕಿತ್ಕೊಂಡು, ಬಾಲಾನ ತನ್ನ ಸಂದಿಯೊಳಗೆ ಮುಚ್ಚಿಟ್ಕೊಂಡು, ಸೈಟೋಸಾಲಲ್ಲಿ, ಅಂದ್ರೆ ಕೋಶದೊಳಗಿನ ದ್ರವದಲ್ಲಿ, ಓಡಾಡಿಸಿ ಇನ್ನೊಂದು ಸಲ ಕೆಲ್ಸಕ್ಕೆ ಬಿಡುತ್ತೆ. ಯೀಸ್ಟಲ್ಲಿ ಇದಕ್ಕೆ ಒಂದೇ ಜೀನ್, ಅದನ್ನ ತೆಗೆದ್ರೆ ಯೀಸ್ಟ್ ಬದುಕಲ್ಲ.

ಈ ಕೀಳೋದನ್ನೇ ಪುಟ್ಟ ಮೆಷಿನ್ನಲ್ಲಿ ನೋಡ್ಬೇಕಿತ್ತು. ಹಂಗಾಗಿ ನಾನು ಆರಿಸ್ಕೊಂಡಿದ್ದು ಯೀಸ್ಟಿನ ವ್ಯಾಕ್ಯುಯೋಲ್ (ಕೋಶದೊಳಗಿನ ದೊಡ್ಡ ಚೀಲ) ಮೇಲಿರೋ ವೈಪಿಟಿ7 ಅನ್ನೋ ರ‍್ಯಾಬ್. ವ್ಯಾಕ್ಯುಯೋಲ್ ದಪ್ಪ, 13,000 ಜಿ (ಗುರುತ್ವದ 13,000 ಪಟ್ಟು) ಸಾಕು ಕೆಳಗೆ ಕೂರೋಕೆ, ನಮ್ಮ ಪುಟ್ಟ ಮೆಷಿನ್ ಅಷ್ಟು ಓಡುತ್ತೆ. ಗಾಜಿನ ಮಣಿ ಹಾಕಿ ಕೋಶ ಒಡೆದೆ, ಒಡೀದೆ ಉಳಿದಿದ್ದನ್ನ 500 ಜಿಯಲ್ಲಿ ತೆಗೆದೆ, ಪಿಎಂಎಸ್‌ಎಫ್ (ಪ್ರೋಟೀನ್ ಕತ್ತರಿಸೋ ಎಂಜೈಮನ್ನ ತಡೆಯೋದು) ಕೊನೇ ಕ್ಷಣಕ್ಕೇ ಹಾಕ್ಬೇಕು ಯಾಕಂದ್ರೆ ನೀರಲ್ಲಿ ಅದು ಬೇಗ ಹಾಳಾಗುತ್ತೆ. ಜಿಡಿಐನ ಇ. ಕೋಲೈಲೇ ಬೆಳೆಸಿದೆ, ಅದಕ್ಕೆ ಬಾಲ ಬೇಕಿಲ್ಲ. ರ‍್ಯಾಬನ್ನೂ ಅಲ್ಲೇ ಬೆಳೆಸೋಣ ಅಂತ ಜೂನಿಯರ್ಸ್ ಕೇಳ್ತಾರೆ, ಆಗಲ್ಲ, ಬಾಲ ಅಂಟಿಸೋ ಎಂಜೈಮ್ ಬ್ಯಾಕ್ಟೀರಿಯಾದಲ್ಲಿಲ್ಲ, ಬಾಲ ಇಲ್ದಿರೋ ರ‍್ಯಾಬ್ ಪೊರೆ ಮೇಲೆ ಕೂರೋದೇ ಇಲ್ಲ, ಇನ್ನು ಕೀಳೋದೇನು.

ನನ್ನ ಪ್ರಕಾರ ಈ ಪ್ರಯೋಗದಲ್ಲಿ ಜಿಡಿಐಗಿಂತ ತಲೆ ಕೆಡಿಸ್ಕೋಬೇಕಾಗಿರೋದು ರ‍್ಯಾಬ್ ಕೈಲಿ ಏನಿದೆ ಅನ್ನೋದ್ರ ಬಗ್ಗೆ. ಬರೀ ಜಿಡಿಐ ಹಾಕಿದ್ರೆ ಸೂಪರ್ನೇಟಂಟಲ್ಲಿ, ಅಂದ್ರೆ ತಿರುಗಿಸಿದ್ಮೇಲೆ ಮೇಲೆ ಉಳಿಯೋ ನೀರಲ್ಲಿ, ವೈಪಿಟಿ7ದು ಸಣ್ಣ ಬ್ಯಾಂಡ್ ಬಂತು ಅಷ್ಟೆ, ಜಿಪ್1-46 ಅನ್ನೋ ಗ್ಯಾಪ್ ಪ್ರೋಟೀನಿನ ತುಂಡು ಜೊತೆಗೆ ಹಾಕಿದ್ಮೇಲೆ, ಅಂದ್ರೆ ಜಿಟಿಪಿನ ಜಿಡಿಪಿ ಮಾಡಿಸಿದ್ಮೇಲೆ, ಬ್ಯಾಂಡ್ ದಪ್ಪ ಆಯ್ತು. ಉಲ್ಟಾನೂ ನೋಡಿದೆ: ಇಡಿಟಿಎ ಹಾಕಿ ಮೆಗ್ನೀಸಿಯಂ ಕಿತ್ರೆ ರ‍್ಯಾಬ್‌ನ ಹಿಡಿತ ಸಡಿಲ ಆಗುತ್ತೆ, ಆಗ ಸುಲಭಕ್ಕೆ ಒಡೀದೇ ಇರೋ ಜಿಟಿಪಿ, ಅದೇ ಜಿಟಿಪಿ ಗಾಮಾ ಎಸ್, ತುಂಬಿಸಿ ಮತ್ತೆ ಮೆಗ್ನೀಸಿಯಂ ಕೊಟ್ಟು ಬೀಗ ಹಾಕಿದೆ. ಜಿಡಿಐ ಎಷ್ಟು ಸುರಿದ್ರೂ ವೈಪಿಟಿ7 ಪೆಲೆಟ್ (ಕೆಳಗೆ ಕೂತ ಪೊರೆ) ಬಿಟ್ಟು ಅಲ್ಲಾಡ್ಲಿಲ್ಲ, ಅವತ್ತು ಮಜಾ ಬಂತು.

ಖರ್ಚಿಗಿಂತ ಕಷ್ಟ ಆಗಿದ್ದು ವೈಪಿಟಿ7ನ ಗುರುತಿಸೋ ಆಂಟಿಬಾಡಿ, ಬೆಂಗಳೂರಿನ ಒಂದು ಲ್ಯಾಬ್‌ನವ್ರು ಸ್ವಲ್ಪ ಕೊಟ್ರು, ಥರ್ಮಾಕೋಲ್ ಡಬ್ಬಿಲಿ ಐಸ್ ಹಾಕ್ಕೊಂಡು ಟ್ರೈನಲ್ಲಿ ತೊಡೆ ಮೇಲಿಟ್ಕೊಂಡು ತಂದೆ.

ಮಾಡೋರಿಗೆ ಒಂದು ಮಾತು, ಅದೇ ಬ್ಲಾಟಲ್ಲಿ (ಆಂಟಿಬಾಡಿಯಿಂದ ಬ್ಯಾಂಡ್ ನೋಡೋ ಹಾಳೆ) ವ್ಯಾಮ್3ನೂ ನೋಡಿ, ಅದು ಪೊರೆ ದಾಟಿ ನಾಟ್ಕೊಂಡಿರೋ ಪ್ರೋಟೀನ್, ಜಿಡಿಐ ಕೈಲಿ ಕೀಳೋಕಾಗಲ್ಲ, ಅದೂ ಸೂಪರ್ನೇಟಂಟಲ್ಲಿ ಕಂಡ್ರೆ ನೀವು ನೋಡ್ತಿರೋದು ಜಿಡಿಐ ಕೆಲ್ಸ ಅಲ್ಲ, ಚೂರುಚೂರಾಗಿರೋ ಪೊರೆ.