ಸಿಡಿ ಮೇಲೆ ಬಿದ್ದ ಕೆಂಪು ಚುಕ್ಕಿ: ನನ್ನ ಫಿಸಿಕ್ಸ್ ಅನುಭವ

ಹತ್ತನೇ ಕ್ಲಾಸ್ ತನಕ ನಾನು ಪೂರ್ತಿ ಕನ್ನಡ ಮೀಡಿಯಂ. ಸಂವೇಗ, ವೇಗೋತ್ಕರ್ಷ, ವಕ್ರೀಭವನ ಎಲ್ಲಾ ಚೆನ್ನಾಗೇ ಅರ್ಥ ಆಗಿತ್ತು, ಆದ್ರೆ ಪಿಯುಸಿಗೆ ಬಂದು ಬೋರ್ಡ್ ಮೇಲೆ ಮೊಮೆಂಟಮ್ ಅಂತ ನೋಡಿದಾಗ ಅದು ನಂಗೆ ಗೊತ್ತಿರೋ ಸಂವೇಗನೇ ಅಂತ ತಿಳಿಯೋಕೆ ದಸರಾ ರಜೆ ಬರಬೇಕಾಯ್ತು. ಆಮೇಲೆ ಬಿಎಸ್ಸಿ ಪಿಸಿಎಂ, ಮೈಸೂರಿನ ಮಾನಸಗಂಗೋತ್ರಿಲಿ ಎಂಎಸ್ಸಿ, ಕಾಲೇಜಲ್ಲಿ ಪಾಠ ಮಾಡೋಕೆ ಬೇಕಾದ ಕೆಸೆಟ್ ಅರ್ಹತಾ ಪರೀಕ್ಷೆ, ಡಿಗ್ರಿ ಕಾಲೇಜಲ್ಲಿ ಕೆಲಸ, ಕೆಲಸದ ಜೊತೆಗೇ ಪಾರ್ಟ್ ಟೈಮ್ ಪಿಎಚ್‌ಡಿ.

ನನ್ನ ರಿಸರ್ಚ್ ಜಿಂಕ್ ಆಕ್ಸೈಡ್ ಥಿನ್ ಫಿಲ್ಮ್, ಅಂದ್ರೆ ತೀರಾ ತೆಳು ಪದರದ ಮೇಲೆ. ಜಿಂಕ್ ಅಸಿಟೇಟ್ ದ್ರಾವಣನ ಸುಮಾರು 400 ಡಿಗ್ರಿ ಬಿಸಿ ಇರೋ ಗಾಜಿನ ಸ್ಲೈಡ್ ಮೇಲೆ ಸ್ಪ್ರೇ ಮಾಡಿದ್ರೆ ಅಲ್ಲೇ ಬೆಂದು ಜಿಂಕ್ ಆಕ್ಸೈಡ್ ಪದರ ಕೂರತ್ತೆ. ಕೇಳೋಕೆ ಸುಲಭ. ಮೊದಮೊದಲು ಒಂದೇ ಸಮ ಸ್ಪ್ರೇ ಮಾಡ್ತಿದ್ದೆ, ಬಿಸಿ ಗಾಜಿಗೆ ತಣ್ಣನೆ ಹನಿ ಬಿದ್ದು ಚಟ್ ಅಂತ ಸೀಳ್ತಿತ್ತು, ಒಂದು ಬಾಕ್ಸ್ ಸ್ಲೈಡ್ ಹಾಗೇ ಹೋಯ್ತು. ಒಂದೆರಡು ಸೆಕೆಂಡ್ ಸ್ಪ್ರೇ, ಅರ್ಧ ನಿಮಿಷ ಬಿಡುವು, ಮತ್ತೆ ಸ್ಪ್ರೇ ಅಂತ ಮಾಡಿದ ಮೇಲೇನೇ ಸರಿಯಾಗಿ ಬಂದಿದ್ದು. ಆ ಮೊದಲ ಫಿಲ್ಮ್‌ನ ಕಿಟಕಿ ಹತ್ರ ಓರೆ ಹಿಡಿದಾಗ ಹಸಿರು, ನೇರಳೆ ಬಣ್ಣ, ಮಳೇಲಿ ರಸ್ತೆ ಮೇಲೆ ಎಣ್ಣೆ ಚೆಲ್ಲಿದಾಗ ಕಾಣತ್ತಲ್ಲ ಹಾಗೆ. ಬಣ್ಣ ಎಲ್ಲಾ ಕಡೆ ಒಂದೇ ಥರ ಇದೆ ಅಂದ್ರೆ ದಪ್ಪನೂ ಒಂದೇ ಥರ ಇದೆ ಅಂತ ಅಳೆಯೋಕೆ ಮುಂಚೆನೇ ಗೊತ್ತಾಗತ್ತೆ. ಇದರ ಬ್ಯಾಂಡ್ ಗ್ಯಾಪ್, ಅಂದ್ರೆ ಬೆಳಕನ್ನ ಹೀರ್ಕೊಳ್ಳೋಕೆ ಬೇಕಾದ ಕನಿಷ್ಠ ಶಕ್ತಿ, ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್, ಕಣ್ಣಿಗೆ ಕಾಣೋ ಬೆಳಕಿಗೆ ಅಷ್ಟು ಶಕ್ತಿ ಇಲ್ಲ, ಅದಕ್ಕೇ ಫಿಲ್ಮ್ ಪಾರದರ್ಶಕ. ಸ್ವಲ್ಪ ಅಲ್ಯುಮಿನಿಯಂ ಬೆರೆಸಿದ್ರೆ ಕರೆಂಟೂ ಹರಿಯತ್ತೆ.

ಪಾಠದಲ್ಲೂ ನಂದು ಇದೇ ದಾರಿ, ಮೊದಲು ಕಣ್ಣಲ್ಲಿ ನೋಡಿ, ಕನ್ನಡದಲ್ಲಿ ಹೇಳಿ, ಫಾರ್ಮುಲಾ ಆಮೇಲೆ. ಡಿಫ್ರಾಕ್ಷನ್‌ಗೆ, ಅಂದ್ರೆ ಸಣ್ಣ ಗೆರೆಗಳಿಗೆ ತಾಗಿ ಬೆಳಕು ಬೇರೆ ಬೇರೆ ಕಡೆ ಹರಡೋ ವಿವರ್ತನೆಗೆ, ಒಂದು ಹಳೇ ಸಿಡಿ, 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್, ಟೇಪು ಸಾಕು (ಲೇಸರ್ ಯಾರ ಕಣ್ಣಿಗೂ ಬೀಳಬಾರದು, ಇದನ್ನ ಮೊದಲೇ ಕಟ್ಟುನಿಟ್ಟಾಗಿ ಹೇಳ್ತೀನಿ). ಸಿಡಿಗೆ ನೇರ ಲೇಸರ್ ಬಿಟ್ಟು 1 ಮೀಟರ್ ದೂರದ ಗೋಡೆ ನೋಡಿದ್ರೆ ಮಧ್ಯದಿಂದ 44-45 ಸೆಂಟಿಮೀಟರ್ ಆಚೆ ಎರಡೂ ಕಡೆ ಚುಕ್ಕಿ. ತರಂಗಾಂತರನ ಗೆರೆಗಳ ಅಂತರದಿಂದ ಭಾಗಿಸಿದ್ರೆ ಬರೋದು ಚುಕ್ಕಿ ಓರೆಯಾದ ಕೋನದ ಸೈನ್, ಅಂದ್ರೆ ಸೈನ್ ತೀಟಾ; ಹಾಗೆ ಲೆಕ್ಕ ಹಾಕಿದ್ರೆ ಸಿಡಿ ಗೆರೆಗಳ ಅಂತರ 1600 ನ್ಯಾನೋಮೀಟರ್ ಆಸುಪಾಸು ಬರತ್ತೆ, ಮಕ್ಕಳೇ ಟೇಪು ಹಿಡಿದು ಕಂಡುಹಿಡಿಯೋದು.

ಈ ಸಲ ಡಿವಿಡಿ ಹಾಕೋಕೆ ಮುಂಚೆ ಕೇಳಿದೆ, ಗೆರೆಗಳು ಇನ್ನೂ ಒತ್ತೊತ್ತಾಗಿದ್ರೆ ಚುಕ್ಕಿ ಎಲ್ಲಿಗೆ ಹೋಗತ್ತೆ ಅಂತ. ಹೆಚ್ಚಿನವರು ಹತ್ರ ಬರತ್ತೆ ಅಂದ್ರು. ಹಾಕಿದ್ರೆ ಚುಕ್ಕಿನೇ ಇಲ್ಲ, ಎಲ್ಲರೂ ಹುಡುಕ್ತಿದ್ದಾರೆ, ಕೊನೆಗೆ ಅಷ್ಟು ದೂರದಲ್ಲಿ ಬೀರು ಪಕ್ಕ ಸಿಕ್ತು. ಮಧ್ಯದಿಂದ 1.75 ಮೀಟರ್, ಲೆಕ್ಕ ಹಾಕಿದ್ರೆ ಗೆರೆಗಳ ಅಂತರ ಸುಮಾರು 750 ನ್ಯಾನೋಮೀಟರ್. ನಿಜವಾದ್ದು 740.

ಹಾಗಾದ್ರೆ ಬ್ಲೂ-ರೇ ಡಿಸ್ಕ್? ಅದ್ರಲ್ಲಿ 320 ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದು ಚಾಕ್‌ಪೀಸ್ ತಗೊಂಡು ಭಾಗಾಕಾರ ಮಾಡಿದ್ಲು, ಅಲ್ಲೇ ನಿಂತ್ಲು. "ಸರ್, ಸೈನ್ ತೀಟಾ ಎರಡು ಬರ್ತಿದೆ, ಅದು ಒಂದನ್ನ ದಾಟೋ ಹಾಗೇ ಇಲ್ವಲ್ಲ. ಇದಕ್ಕೆ ಚುಕ್ಕಿನೇ ಬೀಳಲ್ಲ ಅಲ್ವಾ ಸರ್?"