ಮಾಗಡಿ ಕೆರೆ ಬಳಸಿ ಮೂರು ದಿನದ ನಡಿಗೆ

ಗದಗ ಜಿಲ್ಲೆಯ ಶಿರಹಟ್ಟಿಯಿಂದ ಹೊರಟು, ಮಾಗಡಿ ಕೆರೆಯನ್ನು ಬಳಸಿ, ಲಕ್ಷ್ಮೇಶ್ವರ ಮುಟ್ಟಿ ಮತ್ತೆ ಶಿರಹಟ್ಟಿಗೇ ಮರಳುವ ಸುತ್ತನ್ನು ಮೂರು ದಿನಗಳಲ್ಲಿ ನಿರಾಳವಾಗಿ ಮುಗಿಸಬಹುದು. ಕೆರೆಗೆ ಸುಮಾರು 8 ಕಿ.ಮೀ., ಅಲ್ಲಿಂದ ಲಕ್ಷ್ಮೇಶ್ವರಕ್ಕೆ ಸುಮಾರು 11 ಕಿ.ಮೀ. ದೂರವಿದ್ದು, ಮರಳುವ ಹಾದಿಯೇ ಎಲ್ಲಕ್ಕಿಂತ ಉದ್ದವಾದ್ದರಿಂದ ಕೊನೆಯ ದಿನ ನಸುಕಿನಲ್ಲೇ ಹೊರಡಬೇಕು.

ಡಿಸೆಂಬರ್, ಜನವರಿ ತಿಂಗಳುಗಳು ಸೂಕ್ತ. ಪಟ್ಟೆತಲೆ ಹೆಬ್ಬಾತುಗಳು ಆಗ ಕೆರೆಯಲ್ಲಿರುತ್ತವೆ. ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಹಿಂಡುಹಿಂಡಾಗಿ ನೀರಿಗಿಳಿಯುವ ಅವುಗಳನ್ನು ನೋಡಬೇಕೆಂದರೆ ಮೊದಲ ರಾತ್ರಿ ಮಾಗಡಿ ಊರಿನಲ್ಲೇ ತಂಗುವುದು ಒಳ್ಳೆಯದು. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲೆಗಳ ಪಟ್ಟಿಗೆ, ಸೇರಿದ ಈ ಸಂರಕ್ಷಿತ ಕೆರೆಯ ಏರಿಯ ಮೇಲೆ ಟೆಂಟ್ ಹಾಕುವುದಾಗಲಿ, ಒಲೆ ಹೊತ್ತಿಸುವುದಾಗಲಿ ಸಲ್ಲದು. ಊರ ಹಿರಿಯರನ್ನು ಮೊದಲೇ ಕೇಳಿಕೊಂಡು ಗುಡಿಯ ಪಡಸಾಲೆಯಲ್ಲಿ ಮಲಗಲು ಅನುಮತಿ ಪಡೆಯಿರಿ.

ಚೀಲದ ಭಾರ ನಿಮ್ಮ ತೂಕದ ಐದನೇ ಒಂದು ಭಾಗವನ್ನು ಮೀರದಿರಲಿ. ದಾರಿಯಲ್ಲಿ ನೆರಳು ಕಡಿಮೆಯಾದ್ದರಿಂದ ದಿನಕ್ಕೆ ತಲಾ ಮೂರು ಲೀಟರ್ ನೀರು ಬೇಕು. ಕೆರೆಯ ನೀರನ್ನು ನೆಚ್ಚಬೇಡಿ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಸಾಕು. ಪೇಟೆಯ ದುಬಾರಿ ಒಣ ಆಹಾರದ ಪೊಟ್ಟಣಗಳು ಇದಕ್ಕೆ ಸಮನಲ್ಲ ಎಂಬುದು ನನ್ನ ಅಭಿಪ್ರಾಯ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ಮೇಲ್ಭಾಗದಲ್ಲಿಟ್ಟರೆ ಪುಡಿಯಾಗುವುದಿಲ್ಲ.

ಅಕಾಲಿಕ ಮಳೆ ಬಿದ್ದರೆ ಹೊಲದ ದಾರಿಯನ್ನು ಬಿಟ್ಟು ಡಾಂಬರು ರಸ್ತೆ ಹಿಡಿಯಿರಿ, ಏಕೆಂದರೆ ಹಸಿಯಾದ ಎರೆಮಣ್ಣು ಬೂಟಿನಡಿ ಪದರಪದರವಾಗಿ ಮೆತ್ತಿಕೊಂಡು ಹೆಜ್ಜೆ ಎತ್ತಲೂ ಬಿಡುವುದಿಲ್ಲ.